ಹದಿನೆಂಟು ಸೆಂಟಿಮೀಟರಿನ ಕಳವು

ಮೆಣಸಿನಕಾಯಿ ಬಿಡಿಸುತ್ತಿದ್ದ ಗಂಗಾ ಸಾಲಿನ ನಡುವೆಯೇ ಕುಸಿದು ಬಿದ್ದಳೆಂಬ ಸುದ್ದಿ ಬಂದಾಗ ನಂದಾ ಚಹಾ ಅಲ್ಲೇ ಬಿಟ್ಟು ಎದ್ದಳು. ಎರಡು ತಿಂಗಳಲ್ಲಿ ಆರು ಕಿಲೋ ಇಳಿಸಿದ ಗಂಗಾಳಿಗೆ ಮಹಿಳಾ ಸಂಘದಲ್ಲಿ ಚಪ್ಪಾಳೆ ಹೊಡೆಸಿದವಳು, ಅಲ್ಲಿ ಹೆಂಗಸರ ತೂಕ, ಎತ್ತರ ಅಳೆದು ಪಟ್ಟಿ ಬರೆಯುವವಳು ಅವಳೇ.

ಕುಂದಗೋಳದ ದವಾಖಾನೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿ, ಹೊಟ್ಟೆ ತುಂಬ ಉಣ್ಣಿಸಿರೆಂದು ಹೇಳಿ ಕಳಿಸಿದರು. ಮನೆಗೆ ಬಂದ ಗಂಗಾ ತಾಟನ್ನು ದೂಡಿದಳು. ಸಂಘದ ಪಟ್ಟಿಯಲ್ಲಿ ತಾನು ಇನ್ನೂ ದಪ್ಪವೆಂದೇ ಇದೆ. ಅವ್ವ ದಪ್ಪಗಾಗಿ, ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡು ಸತ್ತಳು. ತನ್ನ ಎರಡು ಹೆಣ್ಣುಮಕ್ಕಳನ್ನು ಹಾಗೆ ಬಿಟ್ಟು ಹೋಗಲಾರೆ ಎಂದಳು. ಪಟ್ಟಿಯ ಅಂಕಿ ಸುಳ್ಳೆಂದು ಸಾಬೀತಾಗದೆ ಅವಳ ಬಾಯಿಗೆ ತುತ್ತು ಹೋಗುವಂತಿರಲಿಲ್ಲ.

ಅವಳ ಗಂಡ ಹುಲಿಗೆಪ್ಪ ಅಪರಾಧಿಯನ್ನು ಆಗಲೇ ಗೊತ್ತುಮಾಡಿದ್ದ. ತೂಕ ಇಳಿಸುವ ಪುಡಿ ಮಾರುತ್ತಿದ್ದ ಅಂಗಡಿಯ ಸಂಗನಬಸವನೇ, ಪುಡಿ ಖರ್ಚಾಗಲೆಂದು ಪಟ್ಟಿ ತಿದ್ದಿಸಿದ್ದಾನೆ ಎಂಬುದು ಹುಲಿಗೆಪ್ಪನ ವಾದ.

ನಂದಾ ಸೀದಾ ಮಹಾದೇವಕ್ಕನ ಮನೆಗೆ ಹೋದಳು. ನರ್ಸಾಗಿ ದುಡಿದು ನಿವೃತ್ತಳಾದ ಮಹಾದೇವಕ್ಕ, ಕಳೆದುಹೋದ ಎಮ್ಮೆಯಿಂದ ಹಿಡಿದು ಖೋಟಾ ಉಯಿಲಿನವರೆಗೆ ಊರಿನ ಎಷ್ಟೋ ಗುಟ್ಟುಗಳನ್ನು ಬಿಡಿಸಿದವಳು. ಆಗೆಲ್ಲ ಅವಳ ಬೆನ್ನಿಗಿದ್ದವಳು ನಂದಾ.

ಇಬ್ಬರೂ ಮೊದಲು ಅಂಗಡಿಗೆ ಹೋದರು. ಹೆದರಿ ಬೆವೆತಿದ್ದ ಸಂಗನಬಸವ ಆ ಗಡಿಬಿಡಿಯಲ್ಲೂ ತನ್ನ ಟವೆಲ್ಲಿನಿಂದ ಸ್ಟೂಲು ಒರೆಸಿ ಮುದುಕಿಯನ್ನು ಕೂರಿಸಿದ. ಆಕೆ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದಳು.

"ಹುರದ ಹುರಳಿ ಹಿಟ್ಟು, ಜೀರಗಿ. ಮೋಸ ಖರೆ, ವಿಷ ಅಲ್ಲ."

ಆಮೇಲೆ ಪಟ್ಟಿ ನೋಡಿದಳು. ಎಲ್ಲವೂ ನಂದಾಳ ಅಕ್ಷರ, ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಅಳೆಯುವ ಬಗೆಯನ್ನು ನಂದಾ ವಿವರಿಸಿದಳು. ತೂಕದ ಯಂತ್ರ ಹಗುರ, ಹೆಂಗಸರು ಇದ್ದಲ್ಲಿಗೇ ಒಯ್ದು ಇಡುತ್ತಾಳೆ. ಎತ್ತರಕ್ಕೆ ಅನ್ನವ್ವನ ಮನೆಯ ಕಟ್ಟೆಯ ಕಂಬಕ್ಕೆ ಟೇಪು ಅಂಟಿಸಿದೆ. ಕಿಲೋದಲ್ಲಿನ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಬೇಕು. ಉತ್ತರ ಇಪ್ಪತ್ಮೂರು ದಾಟಿದರೆ ತೂಕ ಹೆಚ್ಚು, ಇಪ್ಪತ್ತೈದು ದಾಟಿದರೆ ಬೊಜ್ಜು. ಗಂಗಾಳದು ಮೊದಲು ಇಪ್ಪತ್ತಾರು ದಾಟಿತ್ತು. ಬೀಳುವ ಹಿಂದಿನ ದಿನವೂ ಇಪ್ಪತ್ಮೂರರ ಮೇಲೇ ಇತ್ತು.

ಮಹಾದೇವಕ್ಕನ ಬೆರಳು ಪಕ್ಕದ ಕಾಲಮ್ಮಿನಲ್ಲಿ ನಿಂತಿತು. "ನಡಾ ಎಪ್ಪತ್ತು ಸೆಂಟಿಮೀಟರ್ ಅಂತ ನೀನ ಬರದೀಯಲ್ಲ. ಹೆಣ್ಮಕ್ಕಳಿಗೆ ಎಂಬತ್ತರ ಒಳಗಿದ್ರ ಚಿಂತಿಲ್ಲ. ನಡದಾಗ ಇಲ್ಲದ ಕೊಬ್ಬು ಲೆಕ್ಕದಾಗ ಎಲ್ಲಿಂದ ಬಂತು?"

ನಂದಾ ಪಟ್ಟಿಯನ್ನು ಮೊದಲಿನಿಂದ ಓದಿದಳು. ದಪ್ಪವೆಂದು ಬರೆದಿದ್ದ ಹನ್ನೊಂದು ಹೆಂಗಸರಲ್ಲಿ ಒಂಬತ್ತು ಮಂದಿ ಊರ ಹೊರಗಿನ ಗಂಗಾಳ ಕೇರಿಯವರು. ಅವರಲ್ಲೊಬ್ಬಳಾದ ಮರೆವ್ವ, ಅನ್ನವ್ವನಿಗಿಂತ ಎತ್ತರವೆಂದು ಊರಿಗೇ ಗೊತ್ತು. ಪಟ್ಟಿಯಲ್ಲಿ ಅನ್ನವ್ವ ನೂರೈವತ್ತು, ಮರೆವ್ವ ನೂರಾ ನಲವತ್ತೊಂದು.

ಮರುದಿನ ಮುಂಜಾನೆ ಮಹಾದೇವಕ್ಕ ಎಲ್ಲರನ್ನೂ ಅನ್ನವ್ವನ ಮನೆಗೆ ಕರೆಸಿದಳು. ಯಂತ್ರದ ಮೇಲೆ ಅಂಗಡಿಯ ಇಪ್ಪತ್ತು ಕಿಲೋ ಕಲ್ಲು ಇಟ್ಟಳು, ಇಪ್ಪತ್ತೇ ತೋರಿಸಿತು. "ಈಗ ಅವತ್ತು ಹೆಂಗ ಅಳದಿ, ಹಂಗ ಅಳಿ" ಎಂದಳು ನಂದಾಳಿಗೆ.

ನಂದಾ ಯಂತ್ರವನ್ನು ಅಂಗಳಕ್ಕೆ ಇಳಿಸಿದಳು. ಅಂಗಳದ ಕಲ್ಲು ಬಿಸಿಲಿಗೆ ಕಾದಿರುತ್ತದೆಂದು ಅಂದು ಹಾಸಿದಂತೆ ಇಂದೂ ಒಂದು ಚೀಲ ಹಾಸಿದಳು. ಗಂಗಾ ಚಪ್ಪಲಿ ಬಿಟ್ಟು ತೂಕಕ್ಕೆ ನಿಂತಳು: ನಲವತ್ನಾಲ್ಕು. ಆಮೇಲೆ ಅಂಗಳದಲ್ಲೇ ಕಂಬಕ್ಕೆ ಬೆನ್ನು ಹಚ್ಚಿದಳು. ನಂದಾ ಕಟ್ಟೆಯ ಮೇಲಿನಿಂದ ಬಾಗಿ ಓದಿದಳು: ನೂರಾ ಮೂವತ್ತೆಂಟು.

ನೆರೆದ ಮೂವತ್ತು ಮಂದಿಯಲ್ಲಿ ಯಾರಿಗೂ ಏನೂ ವಿಚಿತ್ರವೆನಿಸಲಿಲ್ಲ.

"ನಂದಾ, ಟೇಪಿನ ಸೊನ್ನಿ ಎಲ್ಲೈತಿ?" ಮಹಾದೇವಕ್ಕ ಕೇಳಿದಳು.

"ಕಟ್ಟಿ ಮ್ಯಾಲ್ರಿ," ಎಂದಳು ನಂದಾ. ಅವಳು ಗಂಗಾಳ ಪಾದ ನೋಡಿದಳು. ಅದು ಒಂದು ಮೆಟ್ಟಿಲು ಕೆಳಗಿತ್ತು.

ಮಹಾದೇವಕ್ಕ ಆ ಮೆಟ್ಟಿಲನ್ನು ಅಳೆದು ಎಲ್ಲರಿಗೂ ತೋರಿಸಿದಳು: ಹದಿನೆಂಟು ಸೆಂಟಿಮೀಟರು. "ಗಂಗವ್ವಾ, ಮ್ಯಾಲ ಬಾ."

ಗಂಗಾ ಅನ್ನವ್ವನ ಮುಖ ನೋಡಿದಳು. ಅನ್ನವ್ವ ನೆಲ ನೋಡಿದಳು. ಆಮೇಲೆ, "ಬಾರವಾ" ಎಂದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಕಟ್ಟೆಯ ಮೇಲೆ ಗಂಗಾ ನೂರಾ ಐವತ್ತಾರು ಇದ್ದಳು. ಮಹಾದೇವಕ್ಕ ಲೆಕ್ಕ ಬಿಡಿಸಿದಳು: ಐವತ್ತು ಕಿಲೋ ಇದ್ದಾಗ ಇಪ್ಪತ್ತೂವರೆ, ಅಂದರೆ ಗಟ್ಟಿಮುಟ್ಟು. ಈಗ ಹದಿನೆಂಟು, ಇರಬೇಕಾದ್ದಕ್ಕಿಂತ ಕಡಿಮೆ. ಕೇರಿಯ ಒಂಬತ್ತು ಮಂದಿಯೂ ಹೀಗೇ ಕೆಳಗೆ ನಿಂತು ಗಿಡ್ಡರಾಗಿ, ಗಿಡ್ಡರಾದ್ದರಿಂದ ದಪ್ಪಗಾಗಿದ್ದರು.

"ಹಂಗಾರ ಇವರನ್ನ ಕೆಳಗ ನಿಲ್ಸಿದಾವ ಯಾರು?" ಹುಲಿಗೆಪ್ಪ ಕೇಳಿದ.

"ಯಾರೂ ಅನ್ಲಿಲ್ಲ. ನಾವ ನಿಂತ್ವಿ," ಎಂದಳು ಗಂಗಾ.

"ಅಳದಾಕಿ ನಾನು," ನಂದಾ ಎಂದಳು. ಚೀಲ ಹಾಸಿದ್ದು, ಯಂತ್ರ ಇಳಿಸಿದ್ದು ತನ್ನ ಒಳ್ಳೆಯತನವೆಂದು ಅವಳು ತಿಳಿದಿದ್ದಳು. ಮೇಲೆ ಬನ್ನಿ ಎಂಬ ಒಂದು ಮಾತು ಎರಡು ತಿಂಗಳಲ್ಲಿ ಒಮ್ಮೆಯೂ ಅವಳ ಬಾಯಿಗೆ ಬಂದಿರಲಿಲ್ಲ.  ಮಹಾದೇವಕ್ಕ ಪಟ್ಟಿಯನ್ನೂ ಪೆನ್ನನ್ನೂ ಅವಳ ಮುಂದಿಟ್ಟಳು.

ಅನ್ನವ್ವ ಒಳಗೆ ಹೋಗಿ ರೊಟ್ಟಿ, ಬದನೆಕಾಯಿ ಪಲ್ಯದ ತಾಟು ತಂದಳು. ಕಾಲು ರೂಢಿಯಂತೆ ಅಂಗಳದತ್ತ ನಡೆದು, ಮೆಟ್ಟಿಲಿನ ಅಂಚಿಗೆ ಬಂದು ನಿಂತಿತು.

ಗಂಗಾ ಕಟ್ಟೆಯ ಮೇಲೆಯೇ ಕಂಬಕ್ಕೆ ಒರಗಿ ಕೂತು ಕೈ ಚಾಚಿದಳು.

"ಇಲ್ಲೇ ಕೊಡ್ರಿ ಅವ್ವಾರ. ಇಲ್ಲೇ ಉಣ್ತೀನಿ."