ಚಾರ್ಟಿನಲ್ಲಿ ಸೋತ ಕೋಳಿ

"ಬಂಗುಡೆ ತಿನ್ನಿ, ಬಂಗುಡೆ ತಿನ್ನಿ ಅಂತ ತಿಂಗಳಿಗೊಂದ್ಸಲ ಬೆಟ್ಟ ಹತ್ತಿ ಬಂದು ನಮ್ಮ ಕಿವಿ ತೂತು ಮಾಡ್ತೀಯ. ಊಟಕ್ಕೆ ಕೂತ್ರೆ ನಿನ್ನ ತಟ್ಟೇಲಿ ನೋಡಿದ್ರೆ ಕೋಳಿ ಕಾಲು! ಇದ್ಯಾವ ಊರ ನ್ಯಾಯ ಸಿಸ್ಟರ್?"

ಕೇಳಿದವಳು ನನ್ನ ಬುಬು, ಅಂದರೆ ನನ್ನಜ್ಜಿ. ಸಭೆಮನೆಯ ಚಾಪೆಯ ಮೇಲೆ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಉತ್ತರ ಎಲ್ಲರಿಗೂ ಗೊತ್ತು, ಬುಬುವಿಗೂ ಗೊತ್ತು. ಗೊತ್ತಿದ್ದೂ ಕೆಣಕುವುದು ಬೆಟ್ಟದ ನಮಗೂ ಕಡಲಂಚಿನ ಅವರಿಗೂ ತಲೆತಲಾಂತರದಿಂದ ಬಂದ ಹಕ್ಕು.

ಸಿಸ್ಟರ್ ಲೈಸಾನಿ ಕಡಲ ಕುಲದವಳು, ಕೆಳಗಿನ ಆರೋಗ್ಯ ಕೇಂದ್ರದ ನರ್ಸು. ನಾವು ನೆಲದ ಕುಲ. ನಮ್ಮ ದ್ವೀಪದಲ್ಲಿ ಕಡಲವರು ನೆಲದವರ ಎದುರು ಮೀನು ತಿನ್ನುವಂತಿಲ್ಲ. ನೆಲದವರು ಕಡಲವರ ಎದುರು ಹಂದಿ ತಿನ್ನುವಂತಿಲ್ಲ. ಅವರು ಹಿಡಿದದ್ದು ನಮಗೆ, ನಾವು ಸಾಕಿದ್ದು ಅವರಿಗೆ. ಮೀರಿದವರ ಗಂಟಲಿಗೆ ಮುಳ್ಳು ಸಿಕ್ಕಿಕೊಳ್ಳುತ್ತದಂತೆ. ರಾಜಧಾನಿ ಸುವಾದಲ್ಲಿ ನಾಲ್ಕು ವರ್ಷ ನರ್ಸಿಂಗ್ ಓದಿ ಬಂದವಳೂ ಅದನ್ನು ಪರೀಕ್ಷೆ ಮಾಡಲು ಹೋಗಿಲ್ಲ.

ಎರಡೂ ಕುಲದವರು ಒಂದೇ ಚಾಪೆಯಲ್ಲಿ ಎದುರುಬದುರು ಕೂತು ತಿನ್ನಬಹುದಾದ ಮಾಂಸವೆಂದರೆ ಒಂದೇ, ಕೋಳಿ. ಊರಿಗೆಲ್ಲ ಕೋಳಿ ಸಾಕುವವನು ನಾನು, ಅಪಿಸಾಯಿ. ತಾವು ಯಾರಿಗೋಸ್ಕರ ಮೈತುಂಬಿಕೊಳ್ಳುತ್ತಿದ್ದೇವೆ ಎಂಬುದು ನನ್ನ ಕೋಳಿಗಳಿಗೂ ಗೊತ್ತಿರಲಿಲ್ಲ.

"ಒಂದು ಉಪಾಯ ಇದೆ," ಬುಬು ಬಿಡಲಿಲ್ಲ. "ನಮ್ಮೋನ್ ಒಬ್ಬನ್ನ ಕಟ್ಕೋ. ಗಂಡನ ಕುಲಕ್ಕೆ ಸೇರಿದ್ಮೇಲೆ ನಮ್ಮ ಮೂಗಿನ ಕೆಳಗೇ ಕೂತು ಬಂಗುಡೆ ತಿನ್ನು. ಯಾವ ಮುಳ್ಳು ಸಿಕ್ಕುತ್ತೋ ನೋಡೇಬಿಡೋಣ."

"ಒಂದು ಬಂಗುಡೆಗೋಸ್ಕರ ಮದುವೆ ಆಗ್ಬೇಕಾ ಬುಬು?"

"ಇನ್ನೂ ಸಣ್ಣ ಕಾರಣಕ್ಕೆ ಆಗಿದ್ದಾರಮ್ಮ ಜನ. ನಾನು ನಮ್ಮ ಯಜಮಾನರನ್ನ ಒಪ್ಪಿದ್ದು ಅವರ ಹತ್ರ ಕೊಡೆ ಇತ್ತು ಅಂತ."

ಲೈಸಾನಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ನಗುತ್ತಲೇ ಅವಳ ನೋಟ ಅಷ್ಟೂ ತಲೆಗಳನ್ನು ದಾಟಿಕೊಂಡು, ಬಾಗಿಲಲ್ಲಿ ಕೋಳಿ ಪಾತ್ರೆ ಹಿಡಿದು ನಿಂತಿದ್ದ ನನ್ನ ತನಕ ಬಂತು. ಬಂದದ್ದು ಹೌದೋ ಅಲ್ಲವೋ ಎಂದು ನಾನು ಯೋಚಿಸುವಷ್ಟರಲ್ಲಿ ಹೊರಟೂ ಹೋಗಿತ್ತು.

ಅವಳು ಕೂದಲಿಗೆ ಸಿಕ್ಕಿಸಿದ್ದ ಪೆನ್ಸಿಲ್ ಎಳೆದುಕೊಂಡಳು. ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದ ಚಾರ್ಟು ಗೋಡೆಯ ಮೇಲಿತ್ತು. ಎಡಗಡೆ ಕೋಳಿ, ಬಲಗಡೆ ಬಂಗುಡೆ, ಕೆಳಗೆ ಐದು ಸಾಲು.

"ಅಂಗೈ ಅಗಲದ ತುಂಡು ಇಟ್ಕೊಳ್ಳಿ. ಪ್ರೋಟೀನ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ವಿಟಮಿನ್ ಡಿ ಮೀನಲ್ಲಿ ಜಾಸ್ತಿ. ಬಿ ಹನ್ನೆರಡೂ ಜಾಸ್ತಿ. ಒಮೆಗಾ-3 ಅಂತ ಒಂದು ಎಣ್ಣೆ ಇದೆ, ಹೃದಯಕ್ಕೆ ಬೇಕಾದ್ದು. ಬಂಗುಡೇಲಿ ತುಂಬಿ ತುಳುಕುತ್ತೆ, ಕೋಳೀಲಿ ಹುಡುಕ್ಬೇಕು. ಬುಬು, ಇದು ನಿಮಗೇ ಹೇಳ್ತಿರೋದು. ನಿಮ್ಮ ಎದೆಬಡಿತ ನನಗೆ ಸರಿಕಾಣ್ತಿಲ್ಲ."

"ಪಾಪ, ಕೋಳಿ ಏನೂ ಗೆಲ್ಲಲ್ವೇನೇ?" ಯಾರೋ ಹಿಂದಿನಿಂದ ಕೇಳಿದರು.

"ಗೆಲ್ಲುತ್ತೆ. ಕೊಬ್ಬು ಕಮ್ಮಿ. ಆದ್ರೆ ಚರ್ಮ ತೆಗೀಬೇಕು. ನೀವು ಹಡಗಲ್ಲಿ ಬರೋ ಐಸ್ ಕೋಳಿ ಕಾಲನ್ನ ಚರ್ಮದ ಸಮೇತ ಎಣ್ಣೇಲಿ ಮುಳುಗಿಸ್ತೀರಲ್ಲ, ಅದಲ್ಲ."

ಅಂದೇ ಹೆಂಗಸರು ತೀರ್ಮಾನ ಮಾಡಿದರು: ಮುಂದಿನ ತಿಂಗಳಿಂದ ಸಭೆಯ ಊಟಕ್ಕೆ ಕೋಳಿ ಬೇಡ, ಬಂಗುಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿ ಪಾತ್ರೆಯಿತ್ತು, ತಟ್ಟಲಿಲ್ಲ.

ಅವಳ ಔಷಧಿ ಪೆಟ್ಟಿಗೆಯನ್ನು ಹಳ್ಳದವರೆಗೆ ಹೊತ್ತುಕೊಂಡು ಹೋಗುವುದು ನನ್ನ ಕೆಲಸ. ಯಾರೂ ಕೊಟ್ಟದ್ದಲ್ಲ, ನಾನೇ ವಹಿಸಿಕೊಂಡದ್ದು.

"ಏನ್ರೀ ಕೋಳಿ ಸಾಹುಕಾರ್ರೇ, ಮುಖ ಊದಿದೆ. ನನ್ನ ಚಾರ್ಟ್ ಮೇಲೆ ಕೋಪಾನಾ?"

"ಕೋಪ ಯಾಕೆ ಸಿಸ್ಟರ್. ಐದರಲ್ಲಿ ಮೂರು ಸೋತಿದ್ದೀನಿ, ಒಂದು ಸಮ. ಗೆದ್ದಿದ್ದು ಒಂದೇ ಒಂದು, ಅದೂ ಚರ್ಮ ಸುಲಿಸ್ಕೊಂಡು."

ಅವಳು ಹಳ್ಳದ ಬಂಡೆಯ ಮೇಲೆ ಕೂತುಬಿಟ್ಟಳು, ನಗು ತಡೆಯಲಾಗದೆ. ಚಪ್ಪಲಿ ಕಳಚಿ ಕಾಲು ನೀರಿಗಿಟ್ಟಳು. "ಸೋತಿದ್ದು ಕೋಳಿ. ನೀವಲ್ಲ."

ಆ ಮಾತನ್ನು ನಾನು ಒಂದು ತಿಂಗಳು ಅಗಿದೆ.

"ಮುಂದಿನ ಸಲ ನೀವೇನು ತಿಂತೀರ?" ಎಂದೆ.

"ಕೆಸುವಿನ ಸೊಪ್ಪು, ಗೆಡ್ಡೆ. ಇಲ್ಲಾಂದ್ರೆ ಊಟಕ್ಕೆ ಮುಂಚೆ ಇಳಿದು ಹೋಗ್ತೀನಿ." ನೀರನ್ನು ಬೆರಳಿಂದ ಮೀಟಿದಳು. "ಅದಾದ್ಮೇಲೆ ನಾನಿಲ್ಲಿ ಇರ್ತೀನೋ ಇಲ್ವೋ. ಒಂದು ಫಾರಂ ಬಂದಿದೆ. ಇನ್ನೆರಡು ವರ್ಷ ಇಲ್ಲೇ, ಅಥವಾ ಬೇರೆ ದ್ವೀಪ. ಎರಡು ಚೌಕ, ಒಂದಕ್ಕೆ ಗುರುತು ಹಾಕ್ಬೇಕು. ಮುಂದಿನ ಸಭೆಯ ಮಾರನೇ ದಿನ ಶನಿವಾರದ ಹಡಗಿಗೆ ಕೊಡ್ಬೇಕು."

"ಯಾವುದಕ್ಕೆ ಹಾಕ್ತೀರ?"

"ಇನ್ನೂ ಹಾಕಿಲ್ಲ. ಹಾಕೋಕೆ ಒಂದು ಕಾರಣ ಬೇಕಲ್ಲ." ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಕಣ್ಣೆವೆ ಮೇಲೆ ಒಂದು ಹನಿ ನೀರು ಕೂತಿತ್ತು. ಬೀಳಲಿಲ್ಲ, ಆರಲೂ ಇಲ್ಲ. ನನ್ನ ಉತ್ತರಕ್ಕೆ ಅದೂ ಕಾಯುತ್ತಿರುವ ಹಾಗೆ.

ನಾನೆಂಥ ಮಹಾನುಭಾವ! "ಬೇರೆ ಕಡೆ ಆಸ್ಪತ್ರೆ ದೊಡ್ಡದಿರುತ್ತಲ್ವಾ ಸಿಸ್ಟರ್?" ಎಂದೆ.

ಅವಳು ಚಪ್ಪಲಿ ಹಾಕಿಕೊಂಡಳು. "ಇರುತ್ತೆ," ಎಂದಳು.

ಆ ತಿಂಗಳು ಹೇಗೆ ಕಳೆಯಿತು ಎಂದು ಕೇಳಬೇಡಿ. ನಮ್ಮ ದಿಣ್ಣೆಯ ಮೇಲಿಂದ ನೋಡಿದರೆ ಆರೋಗ್ಯ ಕೇಂದ್ರದ ಹಿಂದೆ ಒಣಹಾಕಿದ ಬಿಳೀ ಬಟ್ಟೆ ಕಾಣುತ್ತದೆ. ಬೆಳಿಗ್ಗೆ ಹರಡುತ್ತಾಳೆ, ಮಧ್ಯಾಹ್ನ ತೆಗೆಯುತ್ತಾಳೆ. ಹರಡುವಾಗ ಒಂದು ಗಳಿಗೆ, ತೆಗೆಯುವಾಗ ಒಂದು ಗಳಿಗೆ. ನನ್ನ ದಿನಕ್ಕೆ ಇದ್ದದ್ದು ಆ ಎರಡೇ ಗಳಿಗೆ. ಮೋಡ ಕವಿದು ಬಟ್ಟೆ ಒಣಹಾಕದ ದಿನ ನಾನು ಕೋಳಿಗಳಿಗೆ ಕಾಳು ಹಾಕುವುದನ್ನೂ ಮರೆತೆ.

"ಹೋಗಿ ಹೇಳೋ," ಎಂದಳು ಬುಬು, ನಿಂಬೆ ಎಲೆಯ ಚಹಾ ಊದುತ್ತಾ.

"ಏನನ್ನ?"

"ನನ್ನ ಎದೆಬಡಿತ ಸರಿಯಿಲ್ಲ ಅಂತಾಳೆ ಸಿಸ್ಟರ್. ನಿನ್ನದು ಇಲ್ಲೀತನಕ ಕೇಳಿಸ್ತಿದೆ, ಅದನ್ನ."

ಹೇಳಲಿಲ್ಲ. ಬದಲಿಗೆ ಒಂದು ತಾಮ್ರಬಣ್ಣದ ಹುಂಜವನ್ನು ಬೇರೆ ಇಟ್ಟೆ. ಊರೆಲ್ಲ ಬಂಗುಡೆ ತಿನ್ನಲಿ. ಅವಳೊಬ್ಬಳು ಸೊಪ್ಪು ಗೆಡ್ಡೆ ನುಂಗಿಕೊಂಡು ಮೂಲೆಯಲ್ಲಿ ಕೂರಬಾರದು. ಚರ್ಮ ತೆಗೆದು, ತೆಂಗಿನ ಹಾಲಿನಲ್ಲಿ ಬೇಯಿಸಿ, ಅವಳಿಗೆ ಮಾತ್ರ ಒಂದು ತಟ್ಟೆ.

ಸಭೆಯ ದಿನ ಕಡಲವರು ಮೂರು ಬುಟ್ಟಿ ಬಂಗುಡೆ ಕಳಿಸಿದ್ದರು. ಸಭೆಮನೆ ತುಂಬ ಸುಟ್ಟ ಮೀನಿನ ಪರಿಮಳ. ಅವಳು ನೀಲಿ ಹೂವಿನ ಉಡುಪಿನಲ್ಲಿ ಚಾಪೆಯ ತುದಿಗೆ ಕೂತಿದ್ದಳು, ಬುಬುವಿನ ಪಕ್ಕ. ನಾನು ಎರಡೂ ಕೈಯಲ್ಲಿ ಎರಡು ತಟ್ಟೆ ಹಿಡಿದು ಬಂದೆ. ಎಡಗೈಯಲ್ಲಿ ಅವಳ ಕೋಳಿ, ಬಲಗೈಯಲ್ಲಿ ಬುಬುವಿನ ಬಂಗುಡೆ. ಎರಡಕ್ಕೂ ಬಾಳೆ ಎಲೆ ಮುಚ್ಚಿತ್ತು.

ಅವಳು ತಲೆಯೆತ್ತಿದಳು. ಕೂದಲಲ್ಲಿ ಪೆನ್ಸಿಲ್ ಇತ್ತು, ಅದರ ಪಕ್ಕ ಒಂದು ಬಿಳೀ ಹೂವು. ಆ ಹೂವು ಹಿಂದೆ ಯಾವತ್ತೂ ಇರಲಿಲ್ಲ.

ನಾನು ಬಗ್ಗಿ ಬಲಗೈ ತಟ್ಟೆ ಅವಳ ಮುಂದಿಟ್ಟೆ. ಎಲೆ ತೆಗೆದೆ.

ನಲವತ್ತು ಕಣ್ಣು ತಟ್ಟೆಯಲ್ಲಿದ್ದ ಬಂಗುಡೆಯನ್ನೂ ಬಂಗುಡೆಯ ಕಣ್ಣು ನನ್ನನ್ನೂ ನೋಡುತ್ತಿದ್ದವು. ನೆಲದವನೊಬ್ಬ ಕಡಲ ಹೆಣ್ಣಿನ ಮುಂದೆ, ನೆಲದವರ ಸಭೆಯಲ್ಲಿ, ತನ್ನ ಕೈಯಾರೆ ಮೀನು ಬಡಿಸುವುದೆಂದರೆ ಒಂದೋ ಅವಮಾನ, ಇಲ್ಲವೇ "ನಮ್ಮವಳಾಗು" ಎಂಬ ಪ್ರಶ್ನೆ.

"ಅಯ್ಯಯ್ಯಪ್ಪಾ!" ಬುಬು ಎದೆ ಹಿಡಿದುಕೊಂಡಳು. "ಹುಡುಗ ಕೇಳೇಬಿಟ್ನಲ್ಲೇ!"

ಲೈಸಾನಿಯ ಮುಖ ಕೊರಳಿನಿಂದ ಹಣೆಯವರೆಗೆ ಕೆಂಪಾಯಿತು. ಬಹಳ ಮೆತ್ತಗೆ ಕೇಳಿದಳು: "ಅಪಿಸಾಯಿ, ಇದು ಗೊತ್ತಿದ್ದು ಇಟ್ಟಿದ್ದಾ?"

ನನ್ನ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಆ ಗಳಿಗೆಯಲ್ಲಿ ನಾನು ಹೌದು ಎನ್ನಬೇಕಿತ್ತು.

"ಇಲ್ಲ ಸಿಸ್ಟರ್! ತಪ್ಪಾಯ್ತು! ಕೈ ಅದಲುಬದಲಾಯ್ತು!" ಎಂದು ತಟ್ಟೆ ಕಿತ್ತುಕೊಂಡೆ.

"ಹಾಗಾ," ಎಂದಳು ಅವಳು. ನಾನಿಟ್ಟ ಕೋಳಿಯಲ್ಲಿ ಎರಡು ತುತ್ತು ತಿಂದಳು, ಚೆನ್ನಾಗಿದೆ ಎಂದಳು. ಪೆಟ್ಟಿಗೆ ತಾನೇ ಎತ್ತಿಕೊಂಡು ಇಳಿದು ಹೋದಳು. ಬಿಳೀ ಹೂವು ಚಾಪೆಯ ಮೇಲೆ ಬಿದ್ದಿತ್ತು.

"ನಿನ್ನ ಕೋಳಿಗಳಿಗೆ ನಿನಗಿಂತ ಬುದ್ಧಿ ಇದೆ," ಎಂದಳು ಬುಬು. "ಅವು ಬೆಳಗಾದ್ರೆ ಕೂಗ್ತಾವೆ. ನೀನು ಅದನ್ನೂ ಮಾಡಲ್ಲ."

ಮರುದಿನ ಬೆಳಕು ಹರಿಯುವಾಗ ನಾನು ಕಡಲ ದಂಡೆಯಲ್ಲಿದ್ದೆ. ಲೈಸಾನಿಯ ಅಣ್ಣ ದೋಣಿ ಎಳೆಯುತ್ತಿದ್ದ.

"ಒಂದು ಬಂಗುಡೆ ಬೇಕಿತ್ತು ಭಾವ," ಎಂದೆ. ಬಾಯಿತಪ್ಪಿ ಬಂದದ್ದಲ್ಲ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ಕೊಟ್ಟ. "ಒಂದೇ ಸಾಕಾ?"

"ಇವತ್ತಿಗೆ ಒಂದು."

ತೆಂಗಿನ ಕರಟದ ಕೆಂಡದಲ್ಲಿ ಅಲ್ಲೇ ಸುಟ್ಟೆ. ಎಣ್ಣೆ ತೊಟ್ಟಿಕ್ಕಿ ಕೆಂಡ ಚಿಟಪಟಿಸಿತು. ಇದೇ ಎಣ್ಣೆ ತಾನೇ ಹೃದಯಕ್ಕೆ ಬೇಕಾದ್ದು ಎಂದು ಅವಳು ಹೇಳಿದ್ದು? ಎಲೆಯಲ್ಲಿ ಸುತ್ತಿಕೊಂಡು ಹಡಗುಕಟ್ಟೆಗೆ ನಡೆದೆ. ಹಡಗು ಆಗಲೇ ದಡ ಕಚ್ಚಿತ್ತು. ಲೈಸಾನಿ ಫಾರಂ ಹಿಡಿದುಕೊಂಡು ಬಾದಾಮಿ ಮರದ ಬುಡದಲ್ಲಿ ಕೂತಿದ್ದಳು. ಎರಡು ಚೌಕವೂ ಖಾಲಿ.

"ಕೋಳಿ ಸಾಹುಕಾರ್ರು ಇಷ್ಟು ದೂರ?" ಅವಳ ದನಿಯಲ್ಲಿ ನಗುವಿರಲಿಲ್ಲ.

"ನಿಮ್ಮ ಚಾರ್ಟಲ್ಲಿ ಒಂದು ಸಾಲು ಬಿಟ್ಟಿದ್ದೀರಿ ಸಿಸ್ಟರ್."

"ಯಾವುದು?"

"ಜೊತೇಲಿ ಕೂತು ತಿನ್ನಬಹುದಾ ಅನ್ನೋದು. ಆ ಸಾಲಲ್ಲಿ ಕೋಳಿ ಗೆಲ್ಲುತ್ತೆ. ಅದೊಂದಕ್ಕೇ ನಾನು ಇಷ್ಟು ದಿನ ಕೋಳಿ ಸಾಕಿದ್ದು. ನೀವು ನಮ್ಮ ಚಾಪೇಲಿ ಕೂರಲಿ ಅಂತ."

ಗಾಳಿಗೆ ಫಾರಂ ಪಟಪಟ ಅಂದಿತು.

"ನಿನ್ನೆ ಕೈ ಅದಲುಬದಲಾಗಿದ್ದು ನಿಜ," ಎಂದೆ. "ಆದರೆ ತಪ್ಪಾಯ್ತು ಅಂದಿದ್ದು ಸುಳ್ಳು." ಎಲೆ ಬಿಚ್ಚಿ ಅವಳ ಮುಂದಿಟ್ಟೆ. "ಇದು ಗೊತ್ತಿದ್ದೇ ಇಡ್ತಿರೋದು, ಲೈಸಾನಿ. ನೀನು ಒಪ್ಪಿದ್ರೆ ನಾಳೆ ಚರ್ಚ್ ಮುಗಿಸ್ಕೊಂಡು ನಮ್ಮ ಚಿಕ್ಕಪ್ಪ ಪದ್ಧತಿ ಪ್ರಕಾರ ತಿಮಿಂಗಿಲದ ಹಲ್ಲು ಹಿಡ್ಕೊಂಡು ನಿಮ್ಮ ಮನೆಗೆ ಹೆಣ್ಣು ಕೇಳೋಕೆ ಬರ್ತಾರೆ."

ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು. "ಇಷ್ಟು ಹೇಳೋಕೆ ಒಂದು ತಿಂಗಳು ಬೇಕಿತ್ತಾ? ನಾನು ಹೂ ಬೇರೆ ಮುಡ್ಕೊಂಡು ಬಂದಿದ್ದೆ."

"ನೋಡಿದೆ. ಅದಕ್ಕೇ ಕೈ ತಪ್ಪಿದ್ದು."

ಹಡಗಿನವನು ಕೂಗಿದ: "ಕಾಗದ ಪತ್ರ ಏನಾದ್ರೂ ಇದ್ರೆ ಬೇಗ ಕೊಡಿ!"

"ಮದುವೆಗೆ ಮುಂಚೆ ತಿಂದ್ರೆ ಮುಳ್ಳು ಸಿಕ್ಕುತ್ತೇನೋ," ಎಂದಳು ಅವಳು, ಬಂಗುಡೆಯನ್ನೇ ನೋಡುತ್ತಾ.

"ಹೆದರಿಕೆ ಆದ್ರೆ ಬೇಡ. ಕಾಯ್ತೀನಿ. ಕಾಯೋದು ನನಗೆ ಚೆನ್ನಾಗಿ ಬರುತ್ತೆ."

"ನನಗೆ ಬರಲ್ಲ," ಎಂದಳು.

ಮೀನಿನ ಬೆನ್ನಿನಿಂದ ಒಂದು ತುಂಡು ಮುರಿದು, ನನ್ನ ಕಣ್ಣನ್ನೇ ನೋಡುತ್ತಾ ಬಾಯಿಗಿಟ್ಟಳು. ನಿಧಾನ ಅಗಿದಳು, ನುಂಗಿದಳು. ನಾಲಿಗೆಯ ತುದಿಯಿಂದ ಕೂದಲಿನಷ್ಟು ತೆಳ್ಳನೆಯ ಒಂದು ಮುಳ್ಳು ತೆಗೆದು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಆಮೇಲೆ ಕೂದಲಿಂದ ಪೆನ್ಸಿಲ್ ಎಳೆದು 'ಇಲ್ಲೇ' ಎಂಬ ಚೌಕಕ್ಕೆ ಗುರುತು ಹಾಕಿ, ಹೆಬ್ಬೆರಳಿನ ಎಣ್ಣೆ ಅಂಟಿದ ಫಾರಮ್ಮನ್ನು ಹಾಗೇ ಹಿಡಿದುಕೊಂಡು ಹಡಗಿನ ಕಡೆಗೆ ಓಡಿದಳು.