ಪಟ್ಟಿಗೆ ಸೇರದ ಕುರ್ಚಿ

"ಎದ್ದೇಳಿ. ಅದು ನಿಮ್ಮ ಕುರ್ಚಿ ಅಲ್ಲ."

ಕುರ್ಚಿ ಮಾಡುವವನು ಹಾಗೆ ಹೇಳಿದರೂ ಅವಳು ಏಳಲಿಲ್ಲ. ದಿನವಿಡೀ ಆಸ್ಪತ್ರೆಯಲ್ಲಿ ಬೇರೆಯವರ ಸೊಂಟ, ಮಂಡಿ, ಭುಜಗಳನ್ನು ಸರಿಮಾಡುವ ಫಿಸಿಯೋಥೆರಪಿಸ್ಟ್ ಅವಳು. ಎದ್ದೇಳಿ ಎಂದು ಹೇಳುವುದು ಅವಳ ಕೆಲಸವೇ ಹೊರತು ಹೇಳಿಸಿಕೊಳ್ಳುವುದಲ್ಲ.

"ಕೂತು ನೋಡದೆ ಹೇಗೆ ತಗೊಳ್ಳೋದು?"

"ಅದನ್ನ ಒಬ್ಬ ಅಜ್ಜನ ಅಳತೆಗೆ ಮಾಡಿದ್ದು. ಅವರ ಎಡ ಮಂಡಿ ಮಡಚೋಕೆ ಬರಲ್ಲ. ಇನ್ನು ಐದು ನಿಮಿಷ ಕೂತರೆ ನಿಮ್ಮ ಸೊಂಟ ಹಿಡ್ಕೊಳ್ಳುತ್ತೆ."

ನಿಜ ಹೇಳಬೇಕೆಂದರೆ ಆಗಲೇ ಹಿಡಿದುಕೊಂಡಿತ್ತು. ಅದನ್ನು ಒಪ್ಪಿಕೊಳ್ಳುವ ಜಾಯಮಾನ ಅವಳದ್ದಲ್ಲ. ತನಗೇ ಬೇಸರವಾಗಿ ಏಳುತ್ತಿರುವವಳ ಹಾಗೆ ನಿಧಾನವಾಗಿ ಎದ್ದಳು.

ಕುರ್ಚಿಯವನು ಉಳಿ ಕೆಳಗಿಟ್ಟು, ಕೈಗಂಟಿದ ಮರದ ಹೊಟ್ಟು ಒರೆಸಿಕೊಂಡು, ಅಳತೆ ಟೇಪು ತಂದ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. ಅವಳು ಪಠ್ಯಪುಸ್ತಕದ ಚಿತ್ರದಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಅವನು ಮಂಡಿಯೂರಿ, ನೆಲದಿಂದ ಅವಳ ಮಂಡಿಯ ಹಿಂಬದಿಯವರೆಗೆ ಅಳೆದ. ಅಳೆದದ್ದನ್ನು ಹಲಗೆಯ ಚೂರಿನ ಮೇಲೆ ಬರೆದುಕೊಂಡು ತಲೆಯೆತ್ತಿದ.

"ಇದು ಆಸ್ಪತ್ರೆಯಲ್ಲಿ ಕೂರೋ ರೀತಿ. ಯಾರೂ ನೋಡದೆ ಇರುವಾಗ ಹೇಗೆ ಕೂರ್ತೀರಿ?"

ಅವಳು ತಬ್ಬಿಬ್ಬಾದಳು. ಸಾವಿರಾರು ಜನರಿಗೆ ನೆಟ್ಟಗೆ ಕೂರಲು ಕಲಿಸಿದ ತನ್ನನ್ನು ಇದುವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಚಪ್ಪಲಿ ಬಿಟ್ಟು, ಎಡಗಾಲು ಮಡಚಿ ಅದರ ಮೇಲೆ ಕೂತು, ಬೆನ್ನು ಸಡಿಲ ಬಿಟ್ಟಳು.

"ಯಾರಿಗೂ ಹೇಳ್ಬೇಡಿ. ನನ್ನ ಕೆಲಸ ಹೋಗುತ್ತೆ."

ಅವನು ನಕ್ಕ. ಆ ನಗು ನೋಡಿ ಅವಳ ಎದೆಯೊಳಗೆ ಏನೋ ಒಂದು ಜಾಗ ಬದಲಿಸಿ ಕೂತಂತಾಯಿತು.

ಕುರ್ಚಿ ಸಿದ್ಧವಾಗಲು ಆರು ವಾರ ಹಿಡಿಯಿತು. ಎಡಗಡೆ ನಾಲ್ಕು ಬೆರಳು ಹೆಚ್ಚು ಅಗಲ, ಮಡಚಿದ ಕಾಲಿಗೆ ಅಂತಲೇ. ಮನೆಗೆ ತಂದ ಮೊದಲ ದಿನ ಅವಳು ಅದರಲ್ಲಿ ಕೂತವಳು ಚಹಾ ಆರಿಹೋದರೂ ಏಳಲಿಲ್ಲ. 'ನಾನು ಇರೋ ಹಾಗೇ ಇರೋಕೆ ಒಬ್ಬರು ಜಾಗ ಮಾಡಿಕೊಟ್ಟಿದ್ದಾರೆ' ಎಂದುಕೊಂಡಾಗ ಯಾಕೋ ಕಣ್ಣು ತುಂಬಿ ಬಂತು.

ಮುಂದಿನ ಶನಿವಾರ ಕುರ್ಚಿಯ ಕಾಲು ಕಿರುಗುಟ್ಟುತ್ತಿದೆ ಎಂದು ದೂರು ಹೇಳಲು ಹೋದಳು. ಕಾಲು ಕಿರುಗುಟ್ಟುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೂ ಒಂದು ಡಬ್ಬಿ ಮೇಣ ಕೊಟ್ಟು, ಚಹಾಕ್ಕೆ ನೀರಿಟ್ಟ. ಆಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಅವಳಿಗೆ ಒಂದಲ್ಲ ಒಂದು ನೆಪ ಸಿಗುತ್ತಿತ್ತು. ನೆಪ ಹುಡುಕುವುದರಲ್ಲಿ ಅವಳದ್ದು ಎತ್ತಿದ ಕೈ. ಮನಸ್ಸಿನಲ್ಲಿದ್ದದ್ದನ್ನು ಹೇಳುವುದರಲ್ಲಿ ಮಾತ್ರ ಇಬ್ಬರೂ ಅಷ್ಟಕ್ಕಷ್ಟೇ.

ಅವಳಿಗೊಂದು ಅಡ್ಡಹೆಸರಿತ್ತು. ಠಸ್ಸೆ. ಅವಳೂ ಕಾಲೇಜಿನ ಐವರು ಗೆಳತಿಯರೂ ಪ್ರತಿ ಹೊಸ ವರ್ಷದ ಮೊದಲ ಭಾನುವಾರ ಒಂದೆಡೆ ಸೇರಿ, ಹಿಂದಿನ ವರ್ಷ ತಮಗೆ ಸಿಕ್ಕ ಐದೈದು ಒಳ್ಳೆಯ ವಸ್ತುಗಳ ಪಟ್ಟಿ ಓದುತ್ತಿದ್ದರು. ಉಳಿದವರ ಪಟ್ಟಿಯ ಮೇಲೆ ಜಗಳವಾಗುತ್ತಿತ್ತು. ಅವಳದ್ದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವಳ ಠಸ್ಸೆ ಬಿದ್ದ ವಸ್ತು ವಾರದೊಳಗೆ ಆರೂ ಮನೆಗಳಲ್ಲಿ, ತಿಂಗಳೊಳಗೆ ಅರ್ಧ ಆಸ್ಪತ್ರೆಯಲ್ಲಿ ಇರುತ್ತಿತ್ತು.

ಕುರ್ಚಿಯವನಿಗೆ ಇದು ತಿಳಿದದ್ದು ಅವನ ಅಕ್ಕನಿಂದ. ಅಕ್ಕ ಅದೇ ಆಸ್ಪತ್ರೆಯಲ್ಲಿ ನರ್ಸು. ಡಿಸೆಂಬರಿನ ಒಂದು ಶನಿವಾರ ಅವನು ಹಲಗೆ ಉಜ್ಜುತ್ತಾ, ಮುಖ ಎತ್ತದೆ ಕೇಳಿದ.

"ಈ ಸಲ ನನ್ನ ಕುರ್ಚಿಗೆ ಠಸ್ಸೆ ಬೀಳುತ್ತಾ?"

"ನೋಡೋಣ," ಎಂದಳು ಅವಳು, ಜಂಭದಿಂದ.

ತಮಾಷೆಯಂತೆ ಕೇಳಿದ್ದರೂ ಅದು ತಮಾಷೆಯಾಗಿರಲಿಲ್ಲ. ಕುರ್ಚಿ ಬೇಕೆಂದು ತಿಂಗಳಿಗೆ ಇಬ್ಬರು ಬಂದರೆ ಹೆಚ್ಚು ಎಂಬ ಸ್ಥಿತಿ ಅವನದು. ಬೇರೆ ಊರಿನ ಕಾರ್ಖಾನೆಯೊಂದು ಮೇಲ್ವಿಚಾರಕನಾಗಿ ಬಾ ಎಂದು ಕರೆದಿತ್ತು. ಇದನ್ನು ಅವಳಿಗೆ ಹೇಳಲು ಅವನ ಅಭಿಮಾನ ಬಿಡಲಿಲ್ಲ. ಅವಳೊಬ್ಬಳು ಮೆಚ್ಚಿದರೆ ಇಲ್ಲೇ ಉಳಿಯುತ್ತೇನೆ ಎಂದು ತನ್ನೊಳಗೇ ತೀರ್ಮಾನಿಸಿಕೊಂಡಿದ್ದ.

ಹೊಸ ವರ್ಷದ ಮೊದಲ ಭಾನುವಾರ ಬಂತು. ಹಲ್ಲಿನ ಡಾಕ್ಟರ್ ಗೆಳತಿಯ ಮನೆಯ ಹಾಲಿನಲ್ಲಿ ಆರು ಜನ ಕಾಲು ಚಾಚಿ ಕೂತಿದ್ದರು. ಅವಳು ನಾಲ್ಕು ಓದಿದಳು. ಗಾಳಿಗೆ ಮಗುಚದ ಕೊಡೆ, ಹಿಮ್ಮಡಿಗೆ ಹಚ್ಚುವ ಮುಲಾಮು, ಉಣ್ಣೆಯ ಕಾಲುಚೀಲ, ಓದುವ ದೀಪ. ಐದನೆಯದಾಗಿ 'ಕುರ್ಚಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು.

ಅಷ್ಟರಲ್ಲಿ ಟೀಚರ್ ಗೆಳತಿ ನಡುವೆ ಬಾಯಿ ಹಾಕಿದಳು. "ಹೋದ ವರ್ಷ ನಿನ್ನ ಪಟ್ಟೀಲಿದ್ದ ರವಿಕೆ ಹೊಲಿದ ಟೈಲರ್ ಇದ್ದಾರಲ್ಲ, ನಾವೆಲ್ಲ ಈಗ ಅವರ ಹತ್ರಾನೇ ಹೋಗೋದು. ವಾರಕ್ಕೊಂದು ಸಲನಾದ್ರೂ ಹೋಗಿ ಹರಟೆ ಹೊಡೆಯದೆ ಇದ್ರೆ ಊಟ ಸೇರಲ್ಲ ಮಾರಾಯ್ತಿ."

ಅವಳಿಗೆ ದಿಗಿಲಾಯಿತು. ಕುರ್ಚಿ ಎಂದು ಓದಿದರೆ ಈ ಐವರೂ ಆ ಸ್ಟೂಲಿನ ಮೇಲೆ ಒಬ್ಬೊಬ್ಬರಾಗಿ ಕೂರುತ್ತಾರೆ. ಅವನು ಮಂಡಿಯೂರುತ್ತಾನೆ. ಅದೇ ಪ್ರಶ್ನೆ ಕೇಳುತ್ತಾನೆ. ಶನಿವಾರ ಮಧ್ಯಾಹ್ನ ಟೀಚರಮ್ಮ ಅಲ್ಲಿ ಚಹಾ ಕುಡಿಯುತ್ತಾ ಹರಟೆ ಹೊಡೆಯುತ್ತಿರುತ್ತಾಳೆ...

'ಇಲ್ಲ. ಇದೊಂದನ್ನ ಕೊಡಲ್ಲ.'

"ಐದನೇದು ಏನೇ?"

"ನಿಂಬೆಹಣ್ಣು ಹಿಂಡೋ ಇಕ್ಕಳ," ಎಂದುಬಿಟ್ಟಳು.

ಪಟ್ಟಿ ಫೋನಿನಿಂದ ಫೋನಿಗೆ ಹಾರಿ, ಸಂಜೆಯೊಳಗೆ ನರ್ಸಕ್ಕನನ್ನೂ ಅವಳ ಮೂಲಕ ತಮ್ಮನನ್ನೂ ತಲುಪಿತು.

ಶನಿವಾರ ಅವಳು ಹೋದಾಗ ಕೆಲಸದ ಮನೆ ಅರ್ಧ ಖಾಲಿಯಾಗಿತ್ತು. ಉಳಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅವನು ಚಹಾಕ್ಕೆ ನೀರಿಡಲಿಲ್ಲ.

"ಏನಿದು?"

"ಸೋಮವಾರ ಹೊರಡ್ತಿದ್ದೀನಿ. ಕಾರ್ಖಾನೆ ಕೆಲಸ. ದಿನಕ್ಕೆ ನಾನೂರು ಕುರ್ಚಿ, ಎಲ್ಲದಕ್ಕೂ ಒಂದೇ ಅಳತೆ."

"ನಿಮಗೆ ತಲೆ ಕೆಟ್ಟಿದೆಯಾ? ಇಂಥ ಕೈ ಇಟ್ಕೊಂಡು..."

"ಕೈ ಚೆನ್ನಾಗಿದ್ದಿದ್ರೆ ನಿಮ್ಮ ಪಟ್ಟೀಲಿ ಇರ್ತಿತ್ತು." ಅವನ ದನಿ ತಣ್ಣಗಿತ್ತು. "ನಿಂಬೆಹಣ್ಣು ಹಿಂಡೋ ಇಕ್ಕಳಕ್ಕೆ ಠಸ್ಸೆ ಬಿದ್ದಿದೆ. ನನ್ನ ಆರು ವಾರದ ಕೆಲಸಕ್ಕೆ ಬಿದ್ದಿಲ್ಲ. ಬೇಜಾರಿಲ್ಲ ಬಿಡಿ. ನೀವು ಸುಳ್ಳು ಹೊಗಳಲ್ಲ ಅಂತ ಎಲ್ಲರಿಗೂ ಗೊತ್ತು."

'ಅಯ್ಯೋ, ನಾನು ಬಚ್ಚಿಟ್ಟುಕೊಂಡದ್ದನ್ನು ಈ ಮನುಷ್ಯ ಬಿಸಾಕಿದ್ದು ಅಂದುಕೊಂಡಿದ್ದಾನೆ...'

"ಕೆಲಸ ಕಡಿಮೆ ಇದೆ, ಸಹಾಯ ಮಾಡಿ ಅಂತ ಯಾಕೆ ಹೇಳಲಿಲ್ಲ?"

"ಕೇಳಿ ಬರೆಸ್ಕೊಂಡರೆ ಅದು ಮೆಚ್ಚುಗೆ ಹೇಗಾಗುತ್ತೆ?"

ಅವಳು ಗೋಡೆಗೊರಗಿಸಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು. ತಪ್ಪು ಮಾಡಿದ್ದಳು, ಅದನ್ನು ಈ ಕ್ಷಣವೇ ಸರಿಮಾಡದಿದ್ದರೆ ಸೋಮವಾರ ಇವನು ಇರುವುದಿಲ್ಲ. ಹಿಂಜರಿಯುವುದು ಅವಳ ಸ್ವಭಾವದಲ್ಲಿ ಇರಲೂ ಇಲ್ಲ.

"ಕೇಳಿ. ಐದನೇದು ಅಂತ ನಾನು ಬರೆದಿದ್ದು ನಿಮ್ಮ ಕುರ್ಚೀನೇ, ದಪ್ಪ ಅಕ್ಷರದಲ್ಲಿ. ಓದೋ ಹೊತ್ತಿಗೆ ಹೊಟ್ಟೆಕಿಚ್ಚಾಯ್ತು."

"ಯಾರ ಮೇಲೆ?"

"ಇನ್ನೂ ಇಲ್ಲಿಗೆ ಬರದೇ ಇರೋ ಐದು ಜನರ ಮೇಲೆ. ನೀವು ಅವರ ಮುಂದೆ ಮಂಡಿಯೂರಿ ಕೂರ್ತೀರಿ, ನನ್ನ ಕೇಳಿದ್ದನ್ನೇ ಕೇಳ್ತೀರಿ. ಅದನ್ನ ನೆನೆಸ್ಕೊಂಡೇ ನನಗೆ ಮೈಯೆಲ್ಲ ಉರೀತು. ನನಗೆ ಇಷ್ಟವಾದದ್ದನ್ನೆಲ್ಲ ನಾನು ಊರಿಗೆಲ್ಲ ಹಂಚಿದ್ದೀನಿ. ನಿಮ್ಮನ್ನ ಹಂಚೋಕೆ ಆಗಲ್ಲ. ನಿಮ್ಮನ್ನ ಪ್ರೀತಿಸ್ತೀನಿ, ಅಷ್ಟೇ ವಿಷಯ."

ಅವನು ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟ.

ಅವಳು ಅವನ ಉತ್ತರಕ್ಕೂ ಕಾಯದೆ ಫೋನು ತೆಗೆದು ಗೆಳತಿಯರಿಗೆ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು.

"ಪಟ್ಟೀಲಿ ಒಂದು ತಪ್ಪಾಗಿದೆ. ಇಕ್ಕಳ ಹೊಡೆದುಹಾಕಿ. ಹೋದ ವರ್ಷ ನನಗೆ ಸಿಕ್ಕ ಅತಿ ಒಳ್ಳೇ ವಸ್ತು ಒಂದು ಕುರ್ಚಿ. ನಾನು ನನ್ನ ಹಾಗೇ ಕೂರಬಹುದಾದ ಒಂದೇ ಜಾಗ ಅದು. ವಿಳಾಸ ಕೆಳಗಿದೆ, ಎಲ್ಲರೂ ಹೋಗಿ. ಕುರ್ಚಿ ನಿಮಗೆಲ್ಲ, ಮಾಡೋರು ನನಗೆ ಮಾತ್ರ."

"ಕಳಿಸಿಬಿಟ್ರಾ?"

"ಆಗಲೇ."

ಅವನು ಬಂದು ಅವಳೆದುರು ನೆಲದ ಮೇಲೆ ಕೂತ. ಕಣ್ಣಂಚು ಒದ್ದೆಯಾಗಿತ್ತು.

"ನಾನು ಠಸ್ಸೆಗೆ ಕಾದಿದ್ದು ಗಿರಾಕಿಗಳು ಬರಲಿ ಅಂತ ಅಲ್ಲ. ನೀವು ಪ್ರತಿ ಶನಿವಾರ ಬರ್ತಿದ್ದದ್ದು ಯಾಕೆ ಅಂತ ತಿಳ್ಕೋಬೇಕಿತ್ತು. ಕೇಳೋ ಧೈರ್ಯ ಇರಲಿಲ್ಲ. ಮೊದಲ ದಿನ ನೀವು ಏಳಲ್ಲ ಅಂತ ಕೂತಾಗಲೇ ನನ್ನ ಕಥೆ ಮುಗಿದಿತ್ತು."

ಅವಳು ಅವನ ಕೈ ಹಿಡಿದುಕೊಂಡಳು. ಉಳಿ ಹಿಡಿದು ಗಟ್ಟಿಯಾದ ಆ ಅಂಗೈ ಅವಳ ಬೆರಳುಗಳ ನಡುವೆ ನಿಧಾನವಾಗಿ ಸಡಿಲವಾಯಿತು. ಫೋನು ಒಂದೇ ಸಮನೆ ಕಿಣಿಕಿಣಿ ಎನ್ನುತ್ತಿತ್ತು. ಅಳತೆ ಕೊಡಲು ಯಾವತ್ತು ಬರಬೇಕೆಂದು ಟೀಚರಮ್ಮ ಆಗಲೇ ಮೂರು ಸಲ ಕೇಳಿದ್ದಳು.

"ಕಾರ್ಖಾನೆಗೆ ಬರಲ್ಲ ಅಂತ ಹೇಳಿಬಿಡ್ತೀನಿ. ಐದೂ ಜನ ಇಲ್ಲಿಗೆ ಬರ್ತಾರೆ," ಎಂದ ಅವನು. "ಅಳತೆ ತಗೊಳ್ಳಲೇಬೇಕಲ್ಲ. ಸಹಿಸ್ಕೋತೀರಾ?"

"ಇಲ್ಲ. ಟೇಪು ನಾನು ಹಿಡೀತೀನಿ. ನೀವು ದೂರ ನಿಂತು ಬರ್ಕೊಳ್ಳಿ."

"ನೀವು ಬರೋದು ಶನಿವಾರ ಮಾತ್ರ ಅಲ್ವಾ?"

"ಅದು ನೆಪ ಹುಡುಕಬೇಕಿದ್ದ ಕಾಲದಲ್ಲಿ," ಎಂದು ಅವಳು ಸ್ಟೂಲಿನಿಂದ ಇಳಿದು ಅವನ ಭುಜಕ್ಕೆ ತಲೆಯಾನಿಸಿದಳು. "ಇನ್ಮೇಲೆ ದಿನಾ ಬರ್ತೀನಿ."