ನಾಯಿಗಳ ಪಂಕ್ತಿ

ಹೆಣವನ್ನು ಮೊದಲು ಕಂಡವನಿಗೆ ಕಣ್ಣು ಕಾಣುವುದಿಲ್ಲ.

ಅವನು ನಿವೃತ್ತ ಬಸ್ ಡ್ರೈವರ್, ಹೋಟೆಲಿನ ನೆರೆಯವನು. ಬೆಳಗಿನ ಮಂಜಿನಲ್ಲಿ ಗೋಡೆ ಸವರಿಕೊಂಡು ಹೋಟೆಲಿನ ಹಿತ್ತಲಿಗೆ ಬಂದಿದ್ದ. ಹೊತ್ತು ಮೂಡುವ ಮುಂಚೆ ಹೊರಗೆ ಹೋಗಿ ಬರುವುದು ಅವನ ನಾಯಿಯ ರೂಢಿ. ಅವತ್ತು ಹೋದದ್ದು ವಾಪಸ್ ಬರಲಿಲ್ಲ.

ಸೌದೆಮನೆ ಹತ್ತಿರ ಸದ್ದು ಕೇಳಿಸಿತು. ಲೊಚ್, ಲೊಚ್. ಏನನ್ನೋ ನೆಕ್ಕುವ ಸದ್ದು.

"ಬೂದಿ," ಅಂತ ನಾಯಿಯ ಹೆಸರು ಹಿಡಿದು ಕರೆದ.

ಸದ್ದು ನಿಲ್ಲಲಿಲ್ಲ. ಬಗ್ಗಿ ಕೈ ಚಾಚಿದ. ಮೊದಲು ಸಿಕ್ಕಿದ್ದು ನಾಯಿಯ ಒದ್ದೆ ಮೂತಿ. ಆಮೇಲೆ ಒಂದು ಹೆಂಗಸಿನ ಕೈ. ತಣ್ಣಗಿತ್ತು. ಬೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಆ ಕೈ ಅವನಿಗೆ ಗೊತ್ತು. ದಿನಾ ಸಂಜೆ ನಾಯಿಗೆ ಬಟ್ಟಲು ಇಟ್ಟು, ಇವನ ಅಂಗೈಗೂ ಒಂದು ಬಿಸಿ ಬನ್ನು ಇಡುತ್ತಿದ್ದ ಕೈ ಅದು.

"ಅತ್ತಿಗೆ?" ಅಂದ.

ನಾಯಿ ನೆಕ್ಕುತ್ತಲೇ ಇತ್ತು.

*

ಗುಡ್ಡದ ಬುಡದ ಆ ಹೋಟೆಲಿಗೆ ಜನ ದೂರದಿಂದ ಬರುತ್ತಿದ್ದರು. ಕಾರಣ ಎರಡು. ನಾಯಿ, ಬೆಕ್ಕು ಏನನ್ನು ಕರೆತಂದರೂ ಯಾರೂ ಮುಖ ಸಿಂಡರಿಸುವುದಿಲ್ಲ. ಇನ್ನೊಂದು ಊಟ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯುವ ಎಲುಬಿನ ಸಾರು ಒಮ್ಮೆ ನಾಲಿಗೆಗೆ ತಾಗಿದರೆ ಮನೆಯೂಟ ಮರೆತುಹೋಗುತ್ತೆ ಅಂತ ಮಾತು.

ಬಾಗಿಲ ಮೇಲೆ ದೊಡ್ಡ ಬೋರ್ಡು: 'ನೀವು ತಿನ್ನುವುದೇ ನಿಮ್ಮ ನಾಯಿಗೂ.' ಕೆಳಗೆ ಯಜಮಾನನ ಫೋಟೋ. ಬಿಳಿ ಟೋಪಿ, ಕೈಯಲ್ಲಿ ಎರಡು ಹಲ್ಲಿನ ಉದ್ದನೆಯ ಬೆಳ್ಳಿ ಫೋರ್ಕು. ಊಟದ ಹಾಲಿಗೆ ಬಂದು, ಎಲ್ಲರೂ ನೋಡುವಂತೆ ಮಾಂಸಕ್ಕೆ ಆ ಫೋರ್ಕು ಚುಚ್ಚಿ ಹೋಳು ಮಾಡುವುದೇ ಅವನ ಕೆಲಸ. ಅತಿಥಿಗಳು ಅವನನ್ನು 'ಮಾಸ್ಟರ್' ಅನ್ನುತ್ತಿದ್ದರು. ಕೈ ಕುಲುಕುತ್ತಿದ್ದರು. ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಡುಗೆ ಮಾಡುತ್ತಿದ್ದವಳು ಅವನ ಸತ್ತ ಅಣ್ಣನ ಹೆಂಡತಿ. ಅವನು ಅತ್ತಿಗೆ ಅನ್ನುತ್ತಿದ್ದ, ಹಾಗಾಗಿ ಇಡೀ ಹೋಟೆಲಿಗೇ ಅವಳು ಅತ್ತಿಗೆ. ಅತಿಥಿಗಳ ನಾಯಿಗೆ ಹತ್ತಿ ಹಾಸಿಗೆ. ಅವಳಿಗೆ ಸೌದೆಮನೆ ಪಕ್ಕದ ಗೂಡು. ಕೈ ಕೆಸರು ಅವಳದ್ದು, ಬಾಯಿ ಮೊಸರು ಅವನದ್ದು. ಊಟದ ಹಾಲಿಗೆ ಅವಳು ಬರಕೂಡದು ಅಂತ ಕಟ್ಟಪ್ಪಣೆ.

ಬಂದ ಅತಿಥಿಗಳ ಪೈಕಿ ಅವಳ ಮುಖ ಕಂಡಿದ್ದು ನಾಯಿಗಳು ಮಾತ್ರ. ಸಂಜೆ ಗಂಟೆ ಹೊಡೆದ ಕೂಡಲೇ ಅವು ಅಡುಗೆಮನೆಯ ಹಿಂಬಾಗಿಲಿಗೆ ಬಂದು ಸಾಲಾಗಿ ಕೂರುತ್ತಿದ್ದವು. ಅವಳು ಒಂದು ತುದಿಯಿಂದ ಇನ್ನೊಂದು ತುದಿಗೆ ಬಟ್ಟಲು ಇಡುತ್ತಾ ಹೋಗುತ್ತಿದ್ದಳು. ಮೊದಲ ಊಟ ನಾಯಿಗಳಿಗೆ. ಮನುಷ್ಯರಿಗೆ ಆಮೇಲೆ.

*

ಇನ್ಸ್‌ಪೆಕ್ಟರಮ್ಮ ಜೀಪಿನಿಂದ ಇಳಿಯಲಿಲ್ಲ.

"ನಾಯಿ ಕಟ್ಟಿದಾರಾ ನೋಡ್ರೀ."

"ಸೌದೆಮನೇಲಿ ಕೂಡಿಹಾಕಿದಾರೆ ಮೇಡಂ," ಅಂದ ಪೇದೆ. "ಬಾಕಿ ನಾಯಿಗಳೆಲ್ಲ ರೂಮಲ್ಲಿ. ನೀವು ಕಳ್ಳರಿಗೆ ಹೆದರಲ್ಲ, ಕೊಲೆಗಾರರಿಗೆ ಹೆದರಲ್ಲ..."

"ಅವರು ಕಚ್ಚಲ್ಲ ಕಣ್ರೀ."

ಕೊನೆಗೆ ಇಳಿದು ಬಂದಳು. ಹೆಣ ಅಂಗಾತ ಬಿದ್ದಿತ್ತು. ತಲೆಯ ಹಿಂಭಾಗ ಕಲ್ಲಿನ ಮೆಟ್ಟಿಲಿಗೆ ಬಡಿದು ಒಡೆದಿತ್ತು. ಕತ್ತಿನ ಮುಂಭಾಗದಲ್ಲಿ ತೂತುಗಳು. ಸುತ್ತ ನೆಕ್ಕಿ ನೆಕ್ಕಿ ರಕ್ತ ಬಳಿದುಹೋಗಿತ್ತು. ಅಡುಗೆ ಅಂಗಿಯ ಕಾಲರಿನ ತುಂಬ ಹೆಪ್ಪುಗಟ್ಟಿದ ಜಿಡ್ಡು, ಮಡಿಕೆಯಲ್ಲಿ ಬೆಂದ ಈರುಳ್ಳಿಯ ಎಳೆ. ಅಡುಗೆಯವಳ ಬಟ್ಟೆ ಇನ್ನು ಹೇಗಿರುತ್ತೆ?

ಮಾಸ್ಟರ್ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ. ಪಕ್ಕದಲ್ಲಿ ಪಶುವೈದ್ಯ. ಅವನನ್ನು ಆಗಲೇ ಕರೆಸಿಯಾಗಿತ್ತು.

"ಸೌದೆ ತರೋಕೆ ಬಂದಿದಾಳೆ ಮೇಡಂ. ಆ ರಾಕ್ಷಸ ಮೈಮೇಲೆ ಎಗರಿದೆ. ಇವಳು ಬಿದ್ದಿದಾಳೆ. ಬಾಯೆಲ್ಲ ರಕ್ತ ಅದಕ್ಕೆ, ಎಲ್ಲರೂ ನೋಡಿದಾರೆ. ನಾಳೆ ಟೀವಿಯವರು ಬರೋರಿದಾರೆ. ಅಷ್ಟರಲ್ಲಿ ಅದನ್ನ ಮುಗಿಸಿಬಿಡಿ."

"ನೀವು ಸಹಿ ಹಾಕಿದ್ರೆ ಸಂಜೆಗೆ ಸೂಜಿ ಚುಚ್ಚೋದು," ಅಂದ ಪಶುವೈದ್ಯ. ಅವನಿಗೂ ಮನಸ್ಸಿರಲಿಲ್ಲ. ಚೀಲವನ್ನು ಹಿಂದೆ ಮುಚ್ಚಿಟ್ಟುಕೊಂಡಿದ್ದ.

ಸೌದೆಮನೆ ಬಾಗಿಲಿಗೆ ಬೆನ್ನು ಕೊಟ್ಟು ಮುದಿ ಡ್ರೈವರ್ ಕೂತಿದ್ದ. ಒಳಗಿಂದ ನಾಯಿ ಉಸಿರಾಡುವುದು ಹಲಗೆಯ ಸಂದಿಯಲ್ಲಿ ಕೇಳುತ್ತಿತ್ತು.

"ಸಹಿ ಹಾಕ್ಬಿಟ್ಯಾ ತಾಯಿ?"

"ಇಲ್ಲ ಅಜ್ಜ."

"ಜೀವಮಾನವೆಲ್ಲ ನಾನು ಬಸ್ ಓಡಿಸಿದೆ. ಈಗ ಇದು ನನ್ನನ್ನ ಓಡಿಸುತ್ತೆ. ನನಗಿಂತ ಒಳ್ಳೆ ಡ್ರೈವರ್ರು. ಒಂದು ಸಲಾನೂ ಗುದ್ದಿಲ್ಲ." ಹಲಗೆಯ ಮೇಲೆ ಅಂಗೈ ಇಟ್ಟ. "ಎರಡು ಸೂಜಿ ತರೋಕೆ ಹೇಳು ಆ ಡಾಕ್ಟ್ರಿಗೆ. ಒಂದರಲ್ಲಿ ಕೆಲಸ ಮುಗಿಯಲ್ಲ."

ಇನ್ಸ್‌ಪೆಕ್ಟರಮ್ಮ ಮತ್ತೆ ಹೆಣದ ಹತ್ತಿರ ಹೋದಳು. ತೂತುಗಳನ್ನು ನೋಡಿದಳು. ಜೋಡಿ ಜೋಡಿ. ಎಲ್ಲ ಕತ್ತಿನ ಮುಂದೆ, ಒಂದೇ ಕಡೆ. ಹೆಣ ತಿರುಗಿಸಿದಳು. ಹಿಂದೆ ಒಂದೂ ಇಲ್ಲ.

"ಮೇಲ್ದವಡೆ ಇದೆ," ಅಂದಳು ತನ್ನಷ್ಟಕ್ಕೆ. "ಕೆಳದವಡೆ ಎಲ್ಲಿ?"

*

ಮಧ್ಯಾಹ್ನವಾದರೂ ಮಂಜು ಇಳಿಯಲಿಲ್ಲ. ಹೆಣವನ್ನು ಆಂಬ್ಯುಲೆನ್ಸಿನಲ್ಲಿ ಸಾಗಿಸಿದರು.

ವ್ಯಾನು ಗೇಟು ದಾಟಿತು. ಅಷ್ಟೇ. ರೂಮು ರೂಮಿನಿಂದ ನಾಯಿಗಳು ಇಳಿದು ಬಂದವು. ಯಾರು ಬಾಗಿಲು ತೆಗೆದರೋ ಗೊತ್ತಿಲ್ಲ. ಒಬ್ಬರನ್ನು ಕೇಳಿದರೆ ಇನ್ನೊಬ್ಬರನ್ನು ತೋರಿಸಿದರು. ಗಂಟೆ ಯಾರೂ ಹೊಡೆದಿರಲಿಲ್ಲ. ಊಟದ ಹೊತ್ತೂ ಅಲ್ಲ. ಒಂದನ್ನೊಂದು ಮೂಸಲಿಲ್ಲ, ಗುರುಗುಟ್ಟಲಿಲ್ಲ. ಹಿಂಬಾಗಿಲಿಗೆ ಬಂದು ಸಾಲಾಗಿ ಕೂತವು. ತುದಿಯಲ್ಲಿ ಒಂದು ಜಾಗ ಖಾಲಿ. ಬೂದಿಯ ಜಾಗ.

ಬಾಗಿಲು ತೆರೆದಿತ್ತು. ಒಳಗೆ ಕತ್ತಲು. ನಾಯಿಗಳು ನೆಲ ನೋಡುತ್ತಿರಲಿಲ್ಲ. ಕತ್ತೆತ್ತಿ, ಒಬ್ಬ ಹೆಂಗಸಿನ ಮುಖ ಎಷ್ಟು ಎತ್ತರದಲ್ಲಿರುತ್ತೋ ಅಷ್ಟು ಎತ್ತರಕ್ಕೆ ನೋಡುತ್ತಿದ್ದವು. ಬಾಲಗಳು ನಿಧಾನಕ್ಕೆ ನೆಲ ಗುಡಿಸುತ್ತಿದ್ದವು.

ಪೇದೆಯ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. "ಮೇಡಂ, ಒಳಗೆ ಯಾರೋ ಇದಾರೆ."

ಇನ್ಸ್‌ಪೆಕ್ಟರಮ್ಮ ಪೇದೆಯ ಲಾಠಿ ಇಸಿದುಕೊಂಡಳು. ನಾಯಿಗಳ ಹಿಂದಿನಿಂದ, ಗೋಡೆಗೆ ಅಂಟಿಕೊಂಡು ಒಳಗೆ ಹೋದಳು. ಹಂಡೆಯಂಥ ಪಾತ್ರೆಯಲ್ಲಿ ಎಲುಬಿನ ಸಾರು ತಣ್ಣಗಾಗಿ ಬಿಳಿ ಕೆನೆ ಕಟ್ಟಿತ್ತು. ಪಕ್ಕದ ಒಲೆಯ ಮೇಲೆ ಏನೂ ಇಲ್ಲ. ಆದರೆ ಆ ಒಲೆಯ ಬೂದಿ ಹೊಸದು. ಕೈಯಿಟ್ಟು ನೋಡಿದಳು. ಬೆಚ್ಚಗಿತ್ತು.

ಮೂಲೆಯಲ್ಲಿ ಯಾರೋ ಮಿಸುಕಿದರು.

ಪಾತ್ರೆ ತೊಳೆಯುವವಳು. ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ತೋಳಿನ ಮೇಲೆ ಹೊಸ ಗೀರು. ಅವಳ ಹಿಂದೆ, ಗೋಣಿಚೀಲದ ಕೆಳಗೆ ಒಂದು ಚಿಕ್ಕ ಪಾತ್ರೆ. ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

"ಹೆಣ ಹಿತ್ತಲಲ್ಲಿರುವಾಗ ಪಾತ್ರೆ ತೊಳೀತಾ ಕೂತಿದ್ಯೇನಕ್ಕಾ?"

ಅವಳು ಗೋಣಿಚೀಲವನ್ನು ಪಾತ್ರೆಯ ಮೇಲೆ ಇನ್ನಷ್ಟು ಎಳೆದಳು.

"ತೋಳಿಗೆ ಏನಾಯ್ತು?"

"ಸೌದೆ ತರಚಿತು."

"ಪಾತ್ರೇಲಿ ಏನಿತ್ತು? ವಿಷಾನಾ?"

ಅವಳ ಕಣ್ಣು ಕೆಂಡವಾಯಿತು. "ಅತ್ತಿಗೆ ಪಾತ್ರೇಲಿ ವಿಷಾನಾ? ನಿಮ್ಮ ನಾಲಿಗೆ..." ಅಂದವಳು ನುಂಗಿಕೊಂಡಳು. "ಹೇಳಿದ್ರೆ ಕೆಲಸ ಹೋಗುತ್ತೆ ಮೇಡಂ. ಅತ್ತಿಗೆ ಆಣೆ ಹಾಕಿಸಿಕೊಂಡಿದ್ಲು, ಯಜಮಾನ್ರಿಗೆ ತಿಳೀಬಾರ್ದು ಅಂತ."

"ನಿಮ್ಮ ಅತ್ತಿಗೆ ಆಣೆಗಿಂತ ದೊಡ್ಡ ಜಾಗಕ್ಕೆ ಹೋಗಿದಾಳೆ. ಹೇಳು."

ಅವಳು ಹೇಳಿದಳು. ಪಿಸುಮಾತಿನಲ್ಲಿ, ಬಾಗಿಲಲ್ಲಿ ಕೂತ ನಾಯಿಗಳಿಗೂ ಕೇಳಿಸಬಾರದು ಅನ್ನುವ ಹಾಗೆ.

*

ಸೌದೆಮನೆಯ ಮೂಲೆಯಲ್ಲಿ ಬೂದಿ ವಾಂತಿ ಮಾಡಿತ್ತು. ಪಶುವೈದ್ಯ ಕಡ್ಡಿಯಲ್ಲಿ ಕೆದಕಿದ.

"ಈರುಳ್ಳಿ. ಯಾವ ಕತ್ತೆ ಹಾಕಿದ್ದು ಇದನ್ನ? ನಾಯಿಗೆ ಇದು ವಿಷ."

"ಮನುಷ್ಯರ ಮಾಂಸ, ಚರ್ಮ?"

"ಇಲ್ವಲ್ಲ," ಅಂದ. ಅಂದಮೇಲೆ ತಾನು ಹೇಳಿದ್ದು ತನಗೇ ಹೊಳೆದು ತಲೆಯೆತ್ತಿದ.

"ಅಜ್ಜ," ಅಂದಳು ಇನ್ಸ್‌ಪೆಕ್ಟರಮ್ಮ, ಹೊಸ್ತಿಲಾಚೆಯಿಂದ. "ಇದರ ಬಾಯಿ ಬಿಡಿಸ್ತೀರಾ? ಕೋರೆಹಲ್ಲು ಅಳೀಬೇಕು."

"ಬಾ. ಅದು ಪೊಲೀಸರನ್ನ ತಿನ್ನಲ್ಲ. ಹೊಟ್ಟೆಗೆ ಆಗಿಬರಲ್ಲ."

ಮುದುಕ ದವಡೆ ಅಗಲಿಸಿ ಹಿಡಿದ. ಕರುವಿನಷ್ಟು ದೊಡ್ಡ ನಾಯಿ. ಅವಳು ಕಣ್ಣು ಅರೆಮುಚ್ಚಿ ಕೈ ಹಾಕಿದಳು. ಬಿಸಿ ಉಸಿರು ಮುಂಗೈಗೆ ತಾಗಿತು. ಒಂದು ಕೋರೆಯಿಂದ ಇನ್ನೊಂದಕ್ಕೆ ನಾಲ್ಕು ಬೆರಳು ಆರಾಮಾಗಿ ಹಿಡಿದವು. ಹೆಣದ ಕತ್ತಿನಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ ಎರಡು ಬೆರಳೂ ಇರಲಿಲ್ಲ.

ಕೈ ತೆಗೆಯುವಾಗ ನಾಯಿ ಒಮ್ಮೆ ನೆಕ್ಕಿತು. ಅವಳು ಕಿರುಚಲಿಲ್ಲ. ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತಳು.

"ಎಲ್ಲರನ್ನೂ ಊಟದ ಹಾಲಿಗೆ ಕರೀರಿ," ಅಂದಳು ಪೇದೆಗೆ. "ಮಾಸ್ಟರ್ ತಮ್ಮ ಫೋರ್ಕು ಹಿಡಿದೇ ಬರಲಿ. ಫೋಟೋದಲ್ಲಿ ಇದ್ದ ಹಾಗೇ."

*

ಅತಿಥಿಗಳು ತಮ್ಮ ತಮ್ಮ ಮೇಜಿಗೆ ಕೂತಿದ್ದರು. ಗೋಡೆಗೆ ಒರಗಿ ಕೆಲಸದವರು. ಮಾಸ್ಟರ್ ಟೋಪಿ ಹಾಕಿಕೊಂಡೇ ಬಂದ. ರೂಢಿ.

"ಸಹಿ ಹಾಕೋ ಮುಂಚೆ ಒಂದು ಮಾತು ಮಾಸ್ಟರ್. ನಾಯಿಗಳಿಗೆ ಇಲ್ಲಿ ಏನು ಹಾಕ್ತೀರಿ?"

"ಬೋರ್ಡು ನೋಡಿಲ್ವಾ? ಅತಿಥಿಗಳಿಗೆ ಏನೋ ಅದೇ. ಒಂದೇ ಪಾತ್ರೆ, ಒಂದೇ ಸಾರು. ಭೇದ ಮಾಡಿದವನನ್ನ ಅವತ್ತೇ ಮನೆಗೆ ಕಳಿಸ್ತೀನಿ."

"ಈರುಳ್ಳಿ ಸಮೇತ?"

ಮಾಸ್ಟರ್ ನಕ್ಕ. "ಈರುಳ್ಳಿ ಇಲ್ದೆ ಸಾರಿಗೆ ರುಚಿ ಎಲ್ಲಿಂದ ಬರುತ್ತೆ ಮೇಡಂ?"

ಒಂದು ಮೇಜಿನಿಂದ ಸದ್ದು. ಒಬ್ಬ ಹೆಂಗಸು ತನ್ನ ನಾಯಿಮರಿಯನ್ನು ಎದೆಗವಚಿಕೊಂಡಿದ್ದಳು.

"ಈರುಳ್ಳಿ ನಾಯಿಗೆ ವಿಷ," ಅಂದ ಪಶುವೈದ್ಯ, ತಲೆ ತಗ್ಗಿಸಿ.

"ಹಾಗಾದ್ರೆ ಇಷ್ಟು ವರ್ಷ," ಅಂದಳು ಇನ್ಸ್‌ಪೆಕ್ಟರಮ್ಮ, "ಇಲ್ಲಿ ಒಂದು ನಾಯಿಯೂ ಯಾಕೆ ಸಾಯಲಿಲ್ಲ ಮಾಸ್ಟರ್?"

ಅವನು ಟೋಪಿಗೆ ಕೈ ಹಾಕಿದ.

ಪಾತ್ರೆ ತೊಳೆಯುವವಳು ಮುಂದೆ ಬಂದು ಚಿಕ್ಕ ಪಾತ್ರೆಯನ್ನು ಅವನ ಮುಂದೆ ಕುಕ್ಕಿದಳು.

"ಯಾಕೆ ಅಂದ್ರೆ, ಇದು. ಅತ್ತಿಗೆ ದಿನಾ ಎರಡು ಪಾತ್ರೆ ಇಡ್ತಿದ್ಲು. ನಾಯಿಗೆ ಬೇರೆ. ಉಪ್ಪಿಲ್ಲ, ಈರುಳ್ಳಿ ಇಲ್ಲ. ನಿಮ್ಮ ಬೋರ್ಡಿಗೆ ಹೆದರಿ ಕದ್ದು ಮಾಡ್ತಿದ್ಲು. ನಮಗೆಲ್ಲ ಗೊತ್ತು. ನೀವು ಒಂದು ದಿನ ಒಳಗೆ ಬಂದು ಮುಚ್ಚಳ ತೆಗೆದಿದ್ರೆ ನಿಮಗೂ ಗೊತ್ತಾಗ್ತಿತ್ತು."

"ಬೆಳಗ್ಗೆ ಯಾರೋ ಅವಳ ಕಾಲರಿಗೆ ಸಾರು ಸುರಿದಿದಾರೆ," ಅಂದಳು ಇನ್ಸ್‌ಪೆಕ್ಟರಮ್ಮ. "ನಾಯಿ ಬಂದು ನೆಕ್ಕಲಿ, ಮೂತಿಗೆ ರಕ್ತ ಮೆತ್ತಿಕೊಳ್ಳಲಿ ಅಂತ. ಸುರಿದದ್ದು ದೊಡ್ಡ ಪಾತ್ರೆಯ ಸಾರು. ಅದರ ಈರುಳ್ಳಿ ಅವಳ ಕಾಲರಿನಲ್ಲಿತ್ತು, ನಾಯಿಯ ಹೊಟ್ಟೆಯಲ್ಲೂ ಇತ್ತು. ಅಡುಗೆಮನೆಯವರಾಗಿದ್ರೆ, ನಾಯಿ ಅಂದ ಕೂಡಲೇ ಕೈ ತಾನಾಗಿ ಚಿಕ್ಕ ಪಾತ್ರೆಗೆ ಹೋಗ್ತಿತ್ತು. ಹಾಗಾಗಿ ಅವರಲ್ಲ. ಇನ್ನು ಉಳಿದವರು ಅತಿಥಿಗಳು, ಮತ್ತೆ ನೀವು."

"ಅತಿಥಿಗಳನ್ನೇ ಕೇಳಿ," ಅಂದ. ಅನ್ನುತ್ತಾ ಫೋರ್ಕು ಹಿಡಿದ ಕೈಯನ್ನು ಬೆನ್ನ ಹಿಂದೆ ಒಯ್ದ.

ಯಾರೂ ಫೋರ್ಕಿನ ಮಾತೆತ್ತಿರಲಿಲ್ಲ. ಎಲ್ಲರ ಕಣ್ಣೂ ಆ ಕೈಯ ಜೊತೆಗೇ ಹೋದವು.

"ಕೊಡಿ," ಅಂದಳು. "ಮಲಗೋವಾಗಲೂ ಅದನ್ನ ನಿಮ್ಮ ರೂಮಲ್ಲಿಟ್ಟು ಬೀಗ ಹಾಕ್ತೀರಂತೆ. ಬೇರೆಯವರ ಕೈ ತಾಗಬಾರ್ದಂತೆ."

ಪೇದೆ ಹಿಂದಿನಿಂದ ಹೋಗಿ ಕಿತ್ತುಕೊಂಡ. ತೊಳೆದಿತ್ತು. ಆದರೆ ಜನ್ಮದಲ್ಲಿ ಒಂದು ಲೋಟ ತೊಳೆಯದವನು ತೊಳೆದರೆ ಹೇಗಿರುತ್ತೆ? ಹಲ್ಲುಗಳು ಹಿಡಿಕೆಗೆ ಸೇರುವ ಸಂದಿಯಲ್ಲಿ ಕಪ್ಪಗೆ ಒಣಗಿ ಕೂತಿತ್ತು. ಅವಳು ಎರಡು ಹಲ್ಲಿನ ನಡುವೆ ಬೆರಳಿಟ್ಟಳು. ಎರಡು ಬೆರಳೂ ಹಿಡಿಯಲಿಲ್ಲ.

"ಬೇಕಂತ ಅಲ್ಲ," ಅಂದ ಮಾಸ್ಟರ್. ಟೋಪಿ ಓರೆಯಾಗಿತ್ತು. "ನಾಳೆ ಟೀವಿಯವರ ಮುಂದೆ ಬರ್ತೀನಿ ಅಂದ್ಲು. ನಾನೇ ಮಾಡೋದು, ನಾನೇ ಹೇಳ್ತೀನಿ ಅಂದ್ಲು. ಎಷ್ಟು ಬೇಡಿಕೊಂಡೆ. ತಳ್ಳಿದೆ ಅಷ್ಟೇ. ಬಿದ್ದ ಮೇಲೂ ನನ್ನನ್ನೇ ನೋಡ್ತಿದ್ಲು. ಏನೋ ಹೇಳೋಕೆ ಬಾಯಿ ತೆಗೆದ್ಲು."

ಬದುಕಿದ್ದಳು. ಬಿದ್ದಾಗ ಅವಳು ಬದುಕಿದ್ದಳು. ಒಂದು ಕೂಗು ಹಾಕಿದ್ದರೆ ಡಾಕ್ಟರು ಬರುತ್ತಿದ್ದರು. ಇವನು ರೂಮಿಗೆ ಹೋಗಿ ಫೋರ್ಕು ತಂದ.

ಅವನ ಜೊತೆ ಫೋಟೋ ತೆಗೆಸಿಕೊಂಡವರು ಮೇಜಿನ ಬಟ್ಟೆ ನೋಡುತ್ತಾ ಕೂತರು.

"ನಾಯಿಗೂ ಅದೇ ಊಟ ಅಂತ ಬೋರ್ಡು ಹಾಕಿದವನು ನೀನು," ಅಂದ ಪೇದೆ, ಬೇಡಿ ತೊಡಿಸುತ್ತಾ. "ನಾಯಿ ಏನು ತಿನ್ನುತ್ತೆ ಅಂತ ತಿಳ್ಕೊಂಡಿದ್ರೆ ಬಚಾವಾಗ್ತಿದ್ದೆ ಕಣಯ್ಯಾ."

*

ಜೀಪು ಹೊರಡುವ ಹೊತ್ತಿಗೆ ಸಂಜೆ. ಸೌದೆಮನೆ ಬಾಗಿಲು ತೆಗೆದರು. ಬೂದಿ ಮುದುಕನ ಕೈಯಡಿ ತಲೆ ತೂರಿಸಿತು. ಅವನು ಅದರ ಕಿವಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದ.

ಆಮೇಲೆ ನಾಯಿ ಅವನನ್ನು ನಡೆಸಿಕೊಂಡು ಹೊರಟಿತು. ಗೇಟಿನ ಕಡೆಗಲ್ಲ. ಹಿಂಬಾಗಿಲಿಗೆ.

ಅಲ್ಲಿ ಪಂಕ್ತಿ ಕೂತಾಗಿತ್ತು. ಬೂದಿ ತನ್ನ ಜಾಗದಲ್ಲಿ, ತುದಿಯಲ್ಲಿ ಕೂತಿತು. ಅಡುಗೆಮನೆಗೆ ಪೊಲೀಸರು ಬೀಗ ಹಾಕಿದ್ದರು. ಪಾತ್ರೆ ತೊಳೆಯುವವಳು ಮುದುಕನ ಹಿಂದೆ ನಿಂತಿದ್ದಳು. ಒಳಗೆ ಯಾರೂ ಇರಲು ಸಾಧ್ಯವಿರಲಿಲ್ಲ.

ಮೊದಲ ನಾಯಿ ತಲೆ ತಗ್ಗಿಸಿತು. ಬರಿ ನೆಲವನ್ನು ನೋಡಿ ನಾಲಿಗೆಯಿಂದ ಮೂತಿ ಸವರಿಕೊಂಡಿತು. ಆಮೇಲೆ ಎರಡನೆಯದು. ಆಮೇಲೆ ಅದರ ಪಕ್ಕದ್ದು. ಯಾರೋ ಬಗ್ಗಿ ಬಗ್ಗಿ ಬಟ್ಟಲು ಇಡುತ್ತಾ ಬಂದ ಹಾಗೆ, ಸಾಲಿನುದ್ದಕ್ಕೂ ತಲೆಗಳು ಒಂದೊಂದಾಗಿ ತಗ್ಗಿದವು. ಕೊನೆಗೆ ಬೂದಿಯದು. ಅದರ ಬಾಲ ಮುದುಕನ ಕಾಲಿಗೆ ಪಟಪಟ ಬಡಿಯಿತು.

ಇನ್ಸ್‌ಪೆಕ್ಟರಮ್ಮ ಜೀಪಿನ ಬಾಗಿಲು ಹಿಡಿದು ನಿಂತೇ ಇದ್ದಳು.

"ಬಾಲ ಆಡಿಸ್ತಿದೆಯಲ್ಲಮ್ಮ," ಅಂದ ಮುದುಕ. "ಯಾರು ಬಂದ್ರು?"

ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಅಂಗೈ ಮೇಲೆ ಮಾಡಿ ಕತ್ತಲಿಗೆ ಚಾಚಿದ.